ನಾನಿಲ್ಲದ ತೊಟ್ಟಿಲು

ನಾನು ಎರಡು ಸಲ ಹುಟ್ಟಿದ್ದೇನೆ. ಒಮ್ಮೆ ಏಡನ್ ಬಂದರಿನ ಆಸ್ಪತ್ರೆಯಲ್ಲಿ, ಇನ್ನೊಮ್ಮೆ ಮುದ್ದೇಬಿಹಾಳದಲ್ಲಿ ನಮ್ಮ ಅಜ್ಜಿಯ ಪಡಸಾಲೆಯಲ್ಲಿ. ಎರಡನೆಯ ಸಲ ನಾನು ಅಲ್ಲಿ ಹಾಜರಿರಲಿಲ್ಲ. ಆದರೆ ಸಾಕ್ಷಿಗಳು ಸಿಕ್ಕಿದ್ದು ಅದಕ್ಕೇ.

ಇಷ್ಟು ಬರೆದು, ಎದ್ದು ಹೋಗಿ, ಟ್ರಂಕಿನಲ್ಲಿ ನನ್ನ ಕಾಗದಗಳೆಲ್ಲ ಇವೆಯೋ ಇಲ್ಲವೋ ನೋಡಿ ಬಂದೆ. ಇವೆ. ನಿನ್ನೆಯೂ ಇದ್ದವು. ನಡುವಯಸ್ಸಿನ ಒಬ್ಬ ಸಾಲಿ ಅಕ್ಕೋರು ದಿನಾ ಹೀಗೆ ಟ್ರಂಕು ತೆಗೆದು ನೋಡುವುದನ್ನು ಕಂಡು ಪಕ್ಕದ ಮನೆಯವರು, ಇವರ ಹತ್ತಿರ ಬಂಗಾರ ಬಹಳ ಇರಬೇಕು ಎಂದುಕೊಂಡಿದ್ದಾರೆ. ಈಗ ನನಗೆ ಅದೊಂದು ಹೊಸ ಚಿಂತೆ.

ನಾವು ಹತ್ತಿ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನರು. ಮನೆಮಾತು ಕನ್ನಡ. ಬಿಜಾಪುರ ಜಿಲ್ಲೆಯ ಇಂಡಿಯಲ್ಲಿ ಅಪ್ಪನಿಗೆ ಮದುವೆ ಸುಗ್ಗಿಯಲ್ಲಿ ಮಾತ್ರ ಕೆಲಸ, ಉಳಿದ ದಿನ ಹತ್ತಿ ಹಿಂಜುವ ಬಿಲ್ಲು ಗೋಡೆಗೆ ನೇತಾಡುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಹಡಗಿನ ಗಾದಿ ಹೊಲಿಯಲು ಜನ ಬೇಕೆಂದು ಮುಂಬಯಿಯ ಒಬ್ಬ ಗುತ್ತೇದಾರ ಕರೆದ. ಅಪ್ಪ ಏಡನ್ ಸೇರಿದ. ಆಗ ಅದು ಇಂಗ್ಲಿಷರ ಊರು. ವರ್ಷದೊಳಗೆ ಅವ್ವನನ್ನೂ ಕರೆಸಿಕೊಂಡ.

ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕು. ಇದು ನಮ್ಮ ಕಡೆ ಯಾರೂ ಬರೆದಿಡದ ಕಾಯ್ದೆ, ಬರೆದಿಟ್ಟ ಕಾಯ್ದೆಗಳಿಗಿಂತ ಬಿಗಿ. ಅವ್ವ ಏಳನೇ ತಿಂಗಳಿಗೆ ಹಡಗು ಹತ್ತಿ ಮುದ್ದೇಬಿಹಾಳಕ್ಕೆ ಬರಬೇಕೆಂದು ಮಾತಾಗಿತ್ತು. ಆ ಹಡಗಿನಲ್ಲಿ ಜಾಗ ಸಿಗಲಿಲ್ಲ. ಮುಂದಿನ ಹಡಗಿಗೆ ಡಾಕ್ಟರು ಒಪ್ಪಲಿಲ್ಲ. ಹೀಗಾಗಿ ನಾನು ಸಮುದ್ರದ ಆಚೆ ದಂಡೆಯಲ್ಲೇ ಹುಟ್ಟಿದೆ.

ಆರು ವರ್ಷದವಳಿದ್ದಾಗ ಅಪ್ಪ ಅವ್ವ ರಜೆಗೆ ಬಂದು ನನ್ನನ್ನು ಇಂಡಿಯಲ್ಲಿ ಅಪ್ಪನ ಅಕ್ಕನ ಮನೆಯಲ್ಲಿ ಬಿಟ್ಟರು. ಏಡನ್ನಿನಲ್ಲಿ ಕನ್ನಡ ಸಾಲಿ ಇರಲಿಲ್ಲ. ಎರಡು ವರ್ಷ ಓದಲಿ, ಆಮೇಲೆ ಒಯ್ಯುತ್ತೇವೆ ಎಂದರು. ಎರಡು ಹೋಗಿ ಹನ್ನೊಂದಾಯಿತು.

ಸಾಲಿಗೆ ಹೆಸರು ಹಚ್ಚಲು ಅತ್ತಿ ನನ್ನ ಕೈಹಿಡಿದು ಹೆಡ್‌ಮಾಸ್ತರರ ಮುಂದೆ ನಿಲ್ಲಿಸಿದ ದಿನ ನನಗೆ ನೆನಪಿದೆ. ದೊಡ್ಡ ರಜಿಸ್ಟರು, ಮಸಿ ಅಂಟಿದ ಬೆರಳು, ಹಣೆಯ ಮೇಲೆ ಅಕ್ಷತೆ ಅಂಗಾರ. ಮಾಸ್ತರರು ತಲೆ ಎತ್ತದೆ ಕೇಳಿದರು.

"ಯಾರ ಮಗಳವಾ ಇಕಿ?"

"ನಮ್ಮ ತಮ್ಮಂದ್ರಿ. ಅಂವ ದೂರದ ಊರಾಗ ಅದಾನ್ರಿ, ಹಡಗದ ಊರಾಗ."

"ಎಷ್ಟನೇ ಕೂಸು?"

"ಚೊಚ್ಚಲದ್ರಿ."

"ಇಕಿ ತಾಯಿ ತವರುಮನಿ ಯಾವೂರು?"

"ಮುದ್ದೇಬಿಹಾಳ್ರಿ."

ಜನ್ಮಸ್ಥಳದ ಅಂಕಣದಲ್ಲಿ ಮುದ್ದೇಬಿಹಾಳ ಎಂದು ಮುದ್ದಾಗಿ ಬಿತ್ತು. ಹುಟ್ಟಿದ್ದು ಎಲ್ಲಿ ಎಂದು ಅವರು ಕೇಳಲೇ ಇಲ್ಲ. ಚೊಚ್ಚಲ ಕೂಸು, ತಾಯಿಯ ತವರು ಇಂಥ ಊರು, ಅಂದ ಮೇಲೆ ಕೇಳುವುದೇನಿತ್ತು? ಅವರು ಹೀಗೆಯೇ ಕೇಳಿ ಎಷ್ಟೋ ಮಕ್ಕಳಿಗೆ ಊರು ಕೊಟ್ಟಿದ್ದರು, ಒಂದೂ ತಪ್ಪಿರಲಿಕ್ಕಿಲ್ಲ. ಹುಟ್ಟಿದ ತಿಂಗಳು ಯಾವುದೆಂದು ಕೇಳಿದ್ದಕ್ಕೆ ಅತ್ತಿ, "ಸೆಕಿ ಭಾಳ ಇತ್ತಂತ್ರಿ" ಎಂದಳು. ಏಡನ್ನಿನಲ್ಲಿ ಸೆಕೆ ಇಲ್ಲದ ತಿಂಗಳೇ ಇಲ್ಲವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮಾಸ್ತರರು ಎಲ್ಲ ಮಕ್ಕಳಿಗೆ ಬರೆಯುವಂತೆ ಜೂನ್ ಒಂದು ಎಂದು ಬರೆದರು.

ನಾನು ಆಗ ಬಾಯಿ ಬಿಟ್ಟು ಹೇಳಬಹುದಿತ್ತು. ಆದರೆ ಹೊಸ ಸಾಲಿಯಲ್ಲಿ ಉಚ್ಚೆಗೆ ಎಲ್ಲಿ ಹೋಗಬೇಕು ಎಂಬ ದೊಡ್ಡ ಚಿಂತೆಯಲ್ಲಿದ್ದೆ.

ಅತ್ತಿಗೆ ಮಕ್ಕಳಿರಲಿಲ್ಲ. ಮಾಂವ ದಿನವಿಡೀ ಅಂಗಡಿಯಲ್ಲಿ ಹತ್ತಿ ಹಿಂಜುತ್ತಿದ್ದ. ಮಾತು ಕಡಿಮೆ. ಇಬ್ಬರೂ ನನಗೆ ಯಾವತ್ತೂ ಒಂದು ಏಟು ಹೊಡೆಯಲಿಲ್ಲ. ಬೇರೆಯವರ ಮಗಳನ್ನು ಹೊಡೆಯಬಾರದು ಎಂಬ ಲೆಕ್ಕ ಅವರದು. ಓಣಿಯ ಉಳಿದ ಮಕ್ಕಳು ಏಟು ತಿಂದು ಅತ್ತು, ಆಮೇಲೆ ಅದೇ ಅವ್ವನ ಸೆರಗಿಗೆ ಮುಖ ಒರೆಸುವುದನ್ನು ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಒಮ್ಮೆ ಬೇಕೆಂದೇ ಹಾಲಿನ ಗಡಿಗೆ ಉರುಳಿಸಿದೆ. ಅತ್ತಿ ನೆಲ ಒರೆಸಿ, "ಹೋಗ್ಲಿ ಬಿಡವಾ, ನೀ ಏನ ಬೇಕಂತ ಮಾಡೀಯೇನು" ಎಂದಳು.

ಎರಡು ತಿಂಗಳಿಗೊಮ್ಮೆ ನೀಲಿ ಕಾಗದ ಬರುತ್ತಿತ್ತು. ಬರೆಯುವವನು ಅಪ್ಪ. ಅವ್ವನಿಗೆ ಓದು ಬರಹ ಬಾರದು. ಕೊನೆಯ ಸಾಲು ಅವಳದು: "ನಿಮ್ಮವ್ವ ಸಲಾಮ್ ಹೇಳ್ಯಾಳ, ಎಣ್ಣಿ ಹಚ್ಚಿಕೋ ಅಂದಾಳ." ಹನ್ನೊಂದು ವರ್ಷ ಅವಳು ನನಗೆ ಹೇಳಿದ್ದು ಎಣ್ಣೆಯ ಮಾತು ಒಂದೇ. ಅಲ್ಲಿ ಹುಟ್ಟಿದ ಇಬ್ಬರು ತಮ್ಮಂದಿರ, ಒಬ್ಬ ತಂಗಿಯ ಫೋಟೋ ಒಂದು ಬಂದಿತ್ತು. ನೆನಪಿನಲ್ಲಿ ದೊಡ್ಡವರೆಲ್ಲ ಎತ್ತರ, ಫೋಟೋದಲ್ಲಿ ಅವ್ವ ಕೂತಿದ್ದಳು. ಹೀಗಾಗಿ ಅವಳು ಅತ್ತಿಗಿಂತ ಎತ್ತರವೋ ಗಿಡ್ಡವೋ ನನಗೆ ತಿಳಿಯಲಿಲ್ಲ. ಇದನ್ನು ಅತ್ತಿಗೆ ಕೇಳಲು ನಾಚಿಕೆ. ತಾಯಿಯ ಎತ್ತರ ಎಷ್ಟೆಂದು ಯಾರಾದರೂ ಪರರನ್ನು ಕೇಳುತ್ತಾರೆಯೇ?

ಮ್ಯಾಟ್ರಿಕ್ ಪಾಸಾಗಿ, ಟ್ರೇನಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದೆ. ಆಗ ಅಪ್ಪನ ಒಂದು ಕಾಗದ ಬಂತು, ಎಂದಿಗಿಂತ ಉದ್ದ. ಜೊತೆಗೆ ನನ್ನ ಹುಟ್ಟಿದ ದಾಖಲೆ, ಇಂಗ್ಲಿಷಿನಲ್ಲಿ, ಮೊಹರು ಸಮೇತ.

"ಮಗಳ, ಇಲ್ಲಿ ಕಾಯ್ದೆ ಬಿಗಿ ಆಗಾಕತ್ತೈತಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಇರಾಕ ಹಕ್ಕೈತಿ, ಹೊರಗಿನವರಿಗೆ ಪರವಾನಗಿ ಕೊಡೂದಿಲ್ಲ. ಹದಿನೆಂಟು ತುಂಬೂದರೊಳಗ ಬಂದ್ರ ನನ್ನ ಮಗಳಂತ ಬರ್ತೀದಿ. ಆಮ್ಯಾಲೆ ಅವರ ಲೆಕ್ಕದಾಗ ನೀ ಯಾರೋ. ಸಾಲಿ ದಾಖಲೆ ಕೇಳ್ಯಾರ, ಲಗು ಕಳಸು."

ಕಳಿಸಿದೆ. ಎರಡು ತಿಂಗಳಿಗೆ ಉತ್ತರ ಬಂತು. ಅಲ್ಲಿಯ ಸಾಹೇಬರು ತಮ್ಮ ರಜಿಸ್ಟರನ್ನೂ ಸಾಲಿ ದಾಖಲೆಯನ್ನೂ ಪಕ್ಕದಲ್ಲಿಟ್ಟು ನೋಡಿ ಹೇಳಿದರಂತೆ: ಇಲ್ಲಿ ಹುಟ್ಟಿದ ಹುಡುಗಿ ಬೇರೆ, ಮುದ್ದೇಬಿಹಾಳದಲ್ಲಿ ಹುಟ್ಟಿದ ಈ ಹುಡುಗಿ ಬೇರೆ. ಸಾಲಿ ದಾಖಲೆ ತಿದ್ದಿಸಿ ಕಳಿಸಿದರೆ ನೋಡೋಣ. ನನಗೆ ಹದಿನೆಂಟು ತುಂಬಲು ಐದು ತಿಂಗಳಿತ್ತು.

ಹೆಡ್‌ಮಾಸ್ತರರು ಆಗಲೇ ನಿವೃತ್ತರಾಗಿದ್ದರು. ಮನೆಗೆ ಹೋದರೆ, ಪಾಪ, ತಲೆಗೆ ಕೈ ಹಚ್ಚಿ ಕೂತರು. "ಚೊಚ್ಚಲ ಕೂಸು ತವರುಮನಿ ಬಿಟ್ಟು ಬ್ಯಾರೆ ಕಡೆ ಹುಟ್ತದಂತ ನನಗ ಹ್ಯಾಂಗ ಗೊತ್ತಾಗಬೇಕವಾ?" ಎಂದರು. ರಜಿಸ್ಟರು ತಿದ್ದಲು ಕಚೇರಿಯ ಹುಕುಂ ಬೇಕು, ಹುಕುಮಿಗೆ ಊರಲ್ಲಿ ಕೇಳಿ ವಿಚಾರಿಸುವ ಚೌಕಶಿ ಆಗಬೇಕು ಎಂದು ತಾವೇ ಅರ್ಜಿ ಬರೆದುಕೊಟ್ಟರು.

ಕಚೇರಿಯ ಕಾರಕೂನರು ಎಲೆ ಅಡಿಕೆ ಹಾಕಿಕೊಂಡು ಅರ್ಜಿಯನ್ನೂ ಏಡನ್ನಿನ ದಾಖಲೆಯನ್ನೂ ಸಾವಕಾಶ ಓದಿದರು.

"ಎರಡೂರಾಗ ಹುಟ್ಟಾಕ ನೀ ಏನ ದೇವರೇನವಾ?"

"ಇಲ್ರಿ, ಒಂದ ಊರಾಗ್ರಿ. ಏಡನ್ನಿನಾಗ."

"ನಿನಗ ನೆನಪೈತೇನು?"

"ಹುಟ್ಟಿದ್ದು ಹೆಂಗ ನೆನಪಿರತೈತ್ರಿ?"

"ಅದಕ್ಕ ಚೌಕಶಿ ಮಾಡೂದು. ನೋಡು, ಈ ಅರ್ಜಿ ಮುದ್ದೇಬಿಹಾಳಕ್ಕ ಹೋಗ್ತೈತಿ. ಅಲ್ಲಿ ತಲಾಟಿ ಪಂಚರನ್ನ ಕೇಳಿ ವರದಿ ಕಳಸ್ತಾನ. ಆದ್ರ ಒಂದು ತಿಳ್ಕೋ. ಇದನ್ನ ತಿದ್ದಿದ್ರ ನೀ ಪರದೇಶದಾಗ ಹುಟ್ಟಿದಾಕಿ ಅಂತ ಆತು. ನಾಳೆ ಟ್ರೇನಿಂಗಿಗೆ, ನಾ ಇಲ್ಲಿಯಾಕಿ ಅಂತ ರಹವಾಸಿ ದಾಖಲೆ ಕೇಳ್ತೀ. ಅವಾಗ ದಾಖಲೆ ಕೊಡಬೇಕೋ, ಠಾಣೆದಾಗ ಪರದೇಶದವರ ಪಟ್ಟಿಗೆ ಹೆಸರು ಹಚ್ಚಬೇಕೋ, ಮ್ಯಾಲಿನವರಿಗೆ ಬರದು ಕೇಳಬೇಕಾಗ್ತೈತಿ."

"ಅವರು ಏನಂತಾರ್ರಿ?"

"ನನಗೇನು ಗೊತ್ತು? ನನ್ನ ಸರ್ವಿಸಿನಾಗ ಇಂಥಾ ಕೇಸು ನೀನ ಮೊದಲನೇದಾಕಿ."

ಅಲ್ಲೂ ಚೊಚ್ಚಲ. ಮನೆಗೆ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಠಾಣೆ ಕಂಡಿದ್ದೆ, ಬೇಡಿ ಕಂಡಿದ್ದೆ, ಏಡನ್ನೂ ಒಲ್ಲೆ ಎಂದು, ಇಂಡಿಯೂ ಒಲ್ಲೆ ಎಂದು, ನಡುಸಮುದ್ರದಲ್ಲಿ ತಿರುಗುವ ಹಡಗಿನಲ್ಲಿ ಕೂತಿದ್ದೆ. ಅತ್ತಿ ಕೇಳಿದಳು, "ಏನಂದ್ರು?" "ಆಗ್ತೈತಿ ಅಂದ್ರು" ಎಂದೆ.

ಚೌಕಶಿಯ ದಿನಕ್ಕೆ ಅತ್ತಿ ನನ್ನನ್ನು ಕರೆದುಕೊಂಡು ಹೊರಟಳು. ಇಂಡಿಯಿಂದ ಬಿಜಾಪುರ, ಅಲ್ಲಿಂದ ಬೇರೆ ಬಸ್ಸು. ಬಸವನ ಬಾಗೇವಾಡಿಯಲ್ಲಿ ಬಸ್ಸು ನಿಂತಾಗ ಅತ್ತಿ ಚುರಮುರಿ ಕೊಂಡಳು. ನಾನು ಚೀಲದೊಳಗೆ ಕೈಹಾಕಿ ದಾಖಲೆ ಮುಟ್ಟಿ ನೋಡಿದೆ. "ಅದು ಏನ ಕೋಳಿಮರಿ ಐತೇನ, ಹಾರಿ ಹೋಗಾಕ?" ಎಂದು ಅತ್ತಿ ಬೈದಳು. ಅವಳು ಬೈದದ್ದು ಅದೇ ಮೊದಲು. ಕಳಿಸುವ ಹೊತ್ತು ಬಂದಾಗ ಬೈಗುಳ ಸಿಕ್ಕಿತು.

ಮರುದಿನ ಮುಂಜಾನೆ ಅಜ್ಜಿಯ ಮನೆಯ ಕಟ್ಟೆಯ ಮೇಲೆ ತಲಾಟಿ ದಫ್ತರ ಬಿಚ್ಚಿ ಕೂತ. ಓಣಿಯ ಹಿರಿಯರು ಸೇರಿದರು. ಮೊದಲು ಗಾಣದ ಮುದುಕನನ್ನು ಕೇಳಿದ.

"ಅಜ್ಜಾ, ಈ ಹುಡುಗಿ ಈ ಮನ್ಯಾಗ ಹುಟ್ಟಿದ್ದು ನಿನಗ ಗೊತ್ತೈತೇನು?"

"ಗೊತ್ತಿಲ್ದ ಏನ್ರಿ? ತೊಟ್ಟಿಲದ ಗುಗ್ಗರಿ ತಿಂದೇನಿ. ಉಪ್ಪು ಕಡಿಮಿ ಇತ್ತು."

ಒಳಗಿನಿಂದ ಅಜ್ಜಿ ಕೂಗಿದಳು. "ಉಪ್ಪು ಕಡಿಮಿ ಇದ್ರ ಎರಡೆರಡು ಸಲ ಯಾಕ ಹಾಕಿಸ್ಕೊಂಡ್ಯೋ ಮುದಕಾ?"

"ಉಪ್ಪು ಇತ್ತೋ ಇಲ್ಲೋ ತಿಳೀಲಿಲ್ಲ, ಅದಕ್ಕ."

ನಾನು ದಂಗಾದೆ. ಯಾವ ಗುಗ್ಗರಿ? ಯಾವ ತೊಟ್ಟಿಲು? ತಲಾಟಿ ಪಕ್ಕದ ಮನೆಯ ಹೆಂಗಸಿನ ಕಡೆ ತಿರುಗಿದ.

"ತೊಟ್ಟಿಲಾ ತೂಗಿದಾಕಿ ನಾನರಿ. ಜೋಗುಳಾ ಹಾಡಿದಾಕಿನೂ ನಾನರಿ" ಎಂದಳು ಆಕೆ.

"ಕೂಸು ಕಣ್ಣೀಲೆ ನೋಡೀಯೇನವಾ?"

"ಮಾರಿ ಮ್ಯಾಲೆ ಅರಿವಿ ಹೊಚ್ಚಿದ್ರು, ದೃಷ್ಟಿ ಆಗಬಾರದಂತ. ಭಾಳ ಶಾಂತ ಕೂಸ್ರಿ. ಅಷ್ಟ ಮಂದಿ ಗದ್ದಲದಾಗ ಒಮ್ಮೆನೂ ಅಳಲಿಲ್ಲ. ಈಗೂ ನೋಡ್ರಿ, ಹೆಂಗ ಸುಮ್ಮ ನಿಂತೈತಿ."

"ಬಾಣಂತಿ?"

"ಬಾಣಂತಿ ಕೋಣ್ಯಾಗ ನಲವತ್ತು ದಿನ ಯಾರು ಹೋಗ್ತಾರ್ರಿ? ಆಮ್ಯಾಲೆ ಗಂಡ ಕರಕೊಂಡು ಹೋದ ಅಂದ್ರು."

ಅತ್ತಿ ತಡೆಯಲಾರದೆ, "ಅಲ್ರಿ ಸಾಹೇಬ್ರ, ಏಡನ್ನಿನ ಕಾಗದ ಇಲ್ಲೇ ಐತಿ..." ಎಂದಳು. ತಲಾಟಿ ಕೈ ಎತ್ತಿದ. "ನೀ ಈ ಊರಾಕಿ ಅಲ್ಲ, ಸುಮ್ನಿರವಾ. ಇವರು ಉಂಡವರು." ಕೊನೆಗೆ ಅಜ್ಜಿಯನ್ನು ಕೇಳಿದ. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು, ನನ್ನ ಕಡೆ ನೋಡದೆ, "ಹೌದ್ರಿ, ನಮ್ಮನ್ಯಾಗ ಹುಟ್ಟೈತಿ" ಎಂದಳು. ತಲಾಟಿ ಪಂಚರ ಹೆಬ್ಬೆಟ್ಟು ಹಾಕಿಸಿಕೊಂಡು, ಚಹಾ ಕುಡಿದು, ಹೋದ.

ಸಂಜೆ ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ನಮ್ಮಲ್ಲಿ ಅಜ್ಜಿಗೆ ಅಮ್ಮಾ ಎನ್ನುತ್ತೇವೆ. ನಾನು ಒಲೆಯ ಮುಂದೆ ಕೂತು ಕೇಳಿದೆ.

"ಅಮ್ಮಾ, ತೊಟ್ಟಿಲದಾಗ ಏನಿಟ್ಟಿದ್ದಿ?"

ಅಜ್ಜಿ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ ಹೇಳಿದಳು. "ಗುಂಡಕಲ್ಲು."

ತೊಟ್ಟಿಲು ಹಾಕುವ ದಿನ ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು, ಅರೆಯುವ ಗುಂಡಕಲ್ಲಿಗೆ ಕುಂಚಿಗೆ ತೊಡಿಸಿ ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸುವುದು ಎಲ್ಲರ ಮನೆಯ ಪದ್ಧತಿ. ಆಮೇಲೆ ಅದನ್ನು ತೆಗೆದು ಕೂಸನ್ನು ಇಡುತ್ತಾರೆ.

"ಎಲ್ಲಾರೂ ಇಡ್ತಾರ, ನಾನೂ ಇಟ್ಟೆ. ಎಲ್ಲಾರೂ ತೆಗೀತಾರ, ನಾ ತೆಗೀಲಿಲ್ಲ. ಅಷ್ಟ" ಎಂದಳು ಅಜ್ಜಿ. "ಕೋಣಿ ಸಾರಿಸಿದ್ದೆ. ಅಂಟಿನ ಉಂಡಿ ಕಟ್ಟಿಟ್ಟಿದ್ದೆ. ಓಣಿಯಾಗ ಎಲ್ಲಾರ ಮುಂದ ಮಗಳು ಬರ್ತಾಳ ಅಂದಿದ್ದೆ. ಬರಲಿಲ್ಲಂದ್ರ ಏನಂತಿದ್ರು? ಗಂಡ ಸತ್ತಾಕಿ, ಚೊಚ್ಚಲ ಬಾಣಂತನದ ಖರ್ಚಿಗೆ ಅಂಜಿ ಬಾಗಲಾ ಹಾಕ್ಕೊಂಡ್ಳು ಅಂತಿದ್ರು. ಕಾಗದ ಬಂತಲಾ, ಹೆಣ್ಣು ಹುಟ್ಟೈತಿ, ಇಬ್ಬರೂ ಆರಾಮದಾರ ಅಂತ. ಹುಟ್ಟಿದ್ದು ಖರೆ. ನಾ ಸುಳ್ಳು ಏನ ಹೇಳಿದೆ? ಎಲ್ಲಿ ಅನ್ನೂದೊಂದು ಬಿಟ್ಟೆ."

ನನಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ಬಿಟ್ಟು, "ಇನ್ನ ನಾ ಅವ್ವನ ಕಡೆ ಹೋಗಾಕ ಆಗೂದಿಲ್ಲ" ಎಂದೆ. ಆ ಕಲ್ಲನ್ನು ತೂಗುತ್ತ ಆಕೆ ಎಷ್ಟು ಒಂಟಿ ಇದ್ದಿರಬೇಕು ಎಂದು ಆಗ ಹೊಳೆಯಲಿಲ್ಲ. ಹದಿನೇಳರ ವಯಸ್ಸಿಗೆ ತನ್ನ ಒಂಟಿತನವೊಂದೇ ಕಾಣುತ್ತದೆ.

ಬೆಳಗಾಗುತ್ತಲೇ ಅಜ್ಜಿ ಸೆರಗು ಹೊದ್ದು ತಲಾಟಿಯ ಮನೆಗೆ ನಡೆದಳು. ಹಿಂದೆ ನಾವಿಬ್ಬರು. ಅಂಗಳದಲ್ಲಿ ನಿಂತು, ಹೋಗುವವರು ಬರುವವರೆಲ್ಲ ಕೇಳುವಂತೆ ಹೇಳಿದಳು: ಕೂಸು ಇಲ್ಲಿ ಹುಟ್ಟಿಲ್ಲ, ತೊಟ್ಟಿಲಲ್ಲಿ ಇಟ್ಟದ್ದು ಕಲ್ಲು. ತಲಾಟಿ ನಕ್ಕು ನಕ್ಕು ಸುಸ್ತಾಗಿ, ಬರೆದುಕೊಂಡು, ಹೆಬ್ಬೆಟ್ಟು ಹಾಕಿಸಿಕೊಂಡ. "ನನ್ನ ವರದಿ ನಿನ್ನೇನ ಟಪಾಲಿಗೆ ಹೋತು. ಈ ಹೇಳಿಕೆ ನೀವ ಒಯ್ದು ಇಂಡಿ ಕಚೇರ್ಯಾಗ ಕೊಡ್ರಿ, ಲಗು ಕೊಡ್ರಿ" ಎಂದ.

ನಾವು ಮನೆಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. "ಕಲ್ಲಿಗೆ ಜೋಗುಳಾ ಹಾಡಿಸಿದ್ಯಲ್ಲಾ ನನ್ನ ಕಡಿಂದ" ಎಂದು ಅಷ್ಟೇ ಹೇಳಿ ಒಳಗೆ ಹೋದಳು. ಅವರಿಬ್ಬರು ಒಂದೇ ಬಾವಿಯ ಗೆಳತಿಯರು. ಅಜ್ಜಿ ನನ್ನ ಕೈಯಲ್ಲಿ ಆ ಕಾಗದ ಇಟ್ಟು, "ಹೋಗವಾ, ನಿಮ್ಮವ್ವನ್ನ ಕೂಡ್ಕೋ" ಎಂದಳು.

ಇಂಡಿಗೆ ಬಂದ ಮರುದಿನ ಅತ್ತಿ ನನ್ನನ್ನು ಒಬ್ಬಳನ್ನೇ ಕಚೇರಿಗೆ ಕಳಿಸಿದಳು. ಅವಳಿಗೆ ಬರಲು ಮನಸ್ಸಿರಲಿಲ್ಲ. ಕಾರಕೂನರು ಊಟಕ್ಕೆ ಹೋಗಿದ್ದರು. ನಾನು ಬೆಂಚಿನ ಮೇಲೆ ಕೂತೆ.

ಅವರು ಆ ಹೊತ್ತಿಗೆ ಕುರ್ಚಿಯಲ್ಲಿ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆ. ಹಲವು ವರ್ಷ ಹೀಗೆಂದೇ ನನಗೆ ನಾನು ಹೇಳಿಕೊಂಡೆ. ಆದರೆ ಅವರು ಬಂದರು, ಎದುರಿಗೇ ಕೂತರು, ಡಬ್ಬಿ ತೆಗೆದು ಎಲೆಗೆ ಸುಣ್ಣ ಹಚ್ಚಿದರು. ನಾನು ಏಳಲಿಲ್ಲ. ಕಾಗದ ಕೊಟ್ಟರೆ ಈ ಊರಿಗೆ ನಾನು ಪರದೇಶದವಳು. ಅಲ್ಲಿ ಹಡಗು ಇಳಿದರೆ ದಂಡೆಯ ಮೇಲೆ ಹೆಂಗಸರು ನಿಂತಿರುತ್ತಾರೆ. ಅವರಲ್ಲಿ ನಿಂತಿರುವ ಅವ್ವ ಯಾರು? ನನ್ನ ನೆನಪಿನಲ್ಲಿ ಉಳಿದವಳು ಫೋಟೋದಲ್ಲಿ ಕೂತವಳು. ಬೇರೆ ಯಾರನ್ನೋ ಅವ್ವಾ ಎಂದು ಅಪ್ಪಿಕೊಂಡರೆ? ನನ್ನ ತಮ್ಮಂದಿರು ನಕ್ಕರೆ? ಅವರ ಅರಬ್ಬಿ ಬೆರೆತ ಮಾತು ನನಗೆ ತಿಳಿಯದೆ, ಆ ಮನೆಯಲ್ಲಿಯೂ ನಾನು ಯಾರೂ ಹೊಡೆಯದ ಹುಡುಗಿಯಾದರೆ? ಇಂಡಿಯಲ್ಲಿ ಪರರ ಮನೆಯಲ್ಲಿ ಪರಕೀಯಳಾಗಿರುವುದು ನನಗೆ ರೂಢಿಯಾಗಿತ್ತು. ಸ್ವಂತ ಮನೆಯಲ್ಲಿ ಹಾಗೆ ಇರುವ ಧೈರ್ಯ ಆಗಲಿಲ್ಲ.

ಎದ್ದು ಹೊರಗೆ ಬಂದೆ. ಮನೆಗೆ ಹೋಗದೆ ಮಾಂವನ ಅಂಗಡಿಗೆ ಹೋದೆ. ಸಿಂದಗಿಯ ಒಂದು ಮದುವೆ ಮನೆಗೆ ಗಾದಿ ತುಂಬುತ್ತಿದ್ದ. ನೀರು ಕುಡಿಯಲು ಆತ ಹಿತ್ತಲಿಗೆ ಹೋದಾಗ ಅಜ್ಜಿಯ ಹೆಬ್ಬೆಟ್ಟಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹತ್ತಿಯೊಳಗೆ ಆಳಕ್ಕೆ ತುರುಕಿದೆ. ಆತ ಬಂದು ಬಾಯಿ ಹೊಲಿದ. ಸಿಂದಗಿಯಲ್ಲಿ ಯಾರೋ ಹೊಸ ದಂಪತಿ ಎಷ್ಟೋ ವರ್ಷ ಅದರ ಮೇಲೆ ಮಲಗಿರಬೇಕು. ಸುಖವಾಗಿದ್ದಿರಲಿ.

"ಕೊಟ್ಟ್ಯಾ?" ಎಂದಳು ಅತ್ತಿ.

"ಕೊಟ್ಟೆ."

ತಿಂಗಳಿಗೆ ಹುಕುಂ ಬಂತು. ಪಂಚರ ಹೇಳಿಕೆಯಂತೆ ಅರ್ಜಿದಾರಳು ಮುದ್ದೇಬಿಹಾಳದಲ್ಲಿ ಜನಿಸಿದ್ದು ಸಿದ್ಧವಾಗಿರುವುದರಿಂದ ಅರ್ಜಿ ನಾಮಂಜೂರು. ಅಪ್ಪನಿಗೆ ಬರೆದೆ: "ಸರಕಾರ ನಾಮಂಜೂರು ಮಾಡಿತು." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಜ್ಜಿಯ ಮೊಮ್ಮಗಳು ನಾನು.

ಅದೇ ಹುಕುಮಿನ ಬಲದಿಂದ ರಹವಾಸಿ ದಾಖಲೆ ಮೂರೇ ದಿನದಲ್ಲಿ ಸಿಕ್ಕಿತು. ಟ್ರೇನಿಂಗ್ ಮುಗಿಸಿ ಸಾಲಿಯ ಅಕ್ಕೋರಾದೆ. ಕೆಲವು ವರ್ಷಕ್ಕೆ ಇಂಗ್ಲಿಷರು ಏಡನ್ ಬಿಟ್ಟು ಹೋದರು, ಅಪ್ಪ ಅವ್ವ ಮಕ್ಕಳೊಡನೆ ಮರಳಿದರು. ತಮ್ಮಂದಿರ ಕಾಗದಕ್ಕಾಗಿ ಕಚೇರಿಗೆ ಅಲೆಯುವಾಗ ಒಬ್ಬ ವಕೀಲರು ಹೇಳಿದರು: ತಂದೆ ತಾಯಿ ಇಲ್ಲಿಯವರು, ಮಕ್ಕಳು ಎಲ್ಲಿ ಹುಟ್ಟಿದರೇನು, ಇವರೂ ಇಲ್ಲಿಯವರೇ, ಅದರಲ್ಲಿ ಅಂಜುವುದೇನಿದೆ? ಪಕ್ಕದಲ್ಲಿ ಕೂತಿದ್ದ ನನಗೆ ಬಿಕ್ಕಳಿಕೆ ಹತ್ತಿತು. ಅವರು ನೀರು ತರಿಸಿಕೊಟ್ಟರು.

ಅವ್ವ ಅತ್ತಿಗಿಂತ ಗಿಡ್ಡ ಇದ್ದಳು.

ಸಿಂದಗಿಯಲ್ಲಿ ನನಗೆ ನೌಕರಿ ಇದ್ದಾಗ ಅವಳು ವರ್ಷಕ್ಕೊಮ್ಮೆ ಬಂದು ಎಂಟು ದಿನ ಇರುತ್ತಿದ್ದಳು. ತಮ್ಮಂದಿರಿಗೆ ಹಾಕುವ ಬೈಗುಳವನ್ನು ನನಗೆ ಹಾಕುತ್ತಿರಲಿಲ್ಲ. "ಒಲಿ ಹಚ್ಚಲೇನವಾ?" ಎಂದು ನನ್ನ ಮನೆಯ ಒಲೆಗೆ ನನ್ನನ್ನು ಕೇಳುತ್ತಿದ್ದಳು. ನಾನೂ "ಕೂಡ್ರಿ ಅವ್ವಾ, ನಾ ಹಚ್ಚತೇನಿ" ಎನ್ನುತ್ತಿದ್ದೆ. ಎಲ್ಲ ಮಕ್ಕಳೂ ತಾಯಿಗೆ ನೀ ಎನ್ನುವ ಓಣಿಯಲ್ಲಿ ನನ್ನ ಬಾಯಿಗೆ ಬಂದದ್ದು ರೀ.

ಸಂಜೆ ಕಟ್ಟೆಗೆ ಓಣಿಯ ಹೆಂಗಸರು ಬಂದರೆ ಅವ್ವ ತಪ್ಪದೆ ಆ ಮಾತು ತೆಗೆಯುತ್ತಿದ್ದಳು. "ನಮ್ಮವ್ವ ಊರ ಮುಂದ ಮಾನ ಬಿಟ್ಟು ಹೆಬ್ಬೆಟ್ಟು ಹಾಕಿ ಕೊಟ್ಟಳು. ಈ ಕೂಸು ಹೋಗಿ ಕೈಯಾರೆ ಕೊಟ್ಟು ಬಂತು. ಆದ್ರೂ ನಮ್ಮ ಮಗಳನ್ನ ನಮಗ ಕೊಡಲಿಲ್ಲ ನೋಡ್ರಿ, ಆ ಸರಕಾರದ ಬಾಯಾಗ ಮಣ್ಣ ಬೀಳಲಿ." ಹೆಂಗಸರು ಹೌದವಾ ಹೌದು ಎಂದು ಸರಕಾರಕ್ಕೆ ತಮ್ಮದೂ ಎರಡೆರಡು ಬೈಗುಳ ಸೇರಿಸುತ್ತಿದ್ದರು. ಆ ಹೊತ್ತಿಗೆ ನನಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ಅವ್ವ ಸಾಯುವತನಕ ಬೈದಳು. ಸರಕಾರ ಒಮ್ಮೆಯೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.